ಲಿಂಗನಮಕ್ಕಿ ಡ್ಯಾಂಗೆ 60 ವರ್ಷ ದಾಟಿತು. ಅಮ್ಮಮ್ಮನ ಪ್ರಶ್ನೆಗೆ ಏನು ಹೇಳಲಿ?

ಪ್ರಶ್ನೆ: ಮಡೆನೂರು ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ಸಾಗರದ ಹತ್ತಿರ. ಅದು ಈಗಿನ ಊರು. ನಮ್ಮ ಅಮ್ಮಮ್ಮ ಮದುವೆಯಾಗಿ ಹೋದ ಊರು ಮಡೆನೂರಿನ ಪಕ್ಕದ್ದು. ಅದು ಶರಾವತಿ ಹೊಳೆಯ ಲಿಂಗನಮಕ್ಕಿ ಡ್ಯಾಂನ ಹಿನ್ನೀರಿನ ಅಡಿಯಲ್ಲಿದೆ. ಮುಳುಗಡೆ ಆದಾಗ ಅಮ್ಮಮ್ಮನಿಗೆ 22 ವರ್ಷ. ಈಗ 84.

ಹೋದ ವಾರ ಊರಿಗೆ ಹೋಗಿದ್ದೆ. ಟಿವಿಯಲ್ಲಿ ಹಳೇ ಡ್ಯಾಂಗಳ ಬಗ್ಗೆ ಏನೋ ಬರುತ್ತಿತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಅದನ್ನು ಮತ್ತೆ ತೋರಿಸಿದರು. ಆಮೇಲೆ ಒಬ್ಬರು ಮಾತಾಡುತ್ತಾ, ಇನ್ನು ಸೋಲಾರ್ ಕಾಲ, ಈ ಹಳೇ ಡ್ಯಾಂಗಳ ಕೆಲಸ ಮುಗೀತು ಅಂದರು. ಅಮ್ಮಮ್ಮ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕೈ ನಿಂತಿತು. "ಹಂಗಾರೆ ನಾವು ಬಿಟ್ಟು ಬಂದಿದ್ದು ಇನ್ಮೇಲೆ ಯಾರಿಗೂ ಬ್ಯಾಡ್ವಾ?" ಅಂದರು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ನಾನು ಓದಿದ್ದು ಕಾಮರ್ಸ್. ಕರೆಂಟಿನ ಬಗ್ಗೆ ಸ್ವಿಚ್ಚು ಹಾಕುವುದು ಬಿಟ್ಟರೆ ಏನೂ ತಿಳಿಯದು.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಲಿಂಗನಮಕ್ಕಿ ಈಗಲೂ ಬೇಕಾ? ಎಷ್ಟು ಬೇಕು? ತುಂಗಭದ್ರೆಗೆ ಆದ ಹಾಗೆ ಇಲ್ಲೂ ಆಗಬಹುದಾ?

ಇನ್ನೊಂದು ವಿಷಯ. ಬೇಸಿಗೆಯಲ್ಲಿ ನೀರು ಇಳಿದರೆ ಹಿರೇಭಾಸ್ಕರ ಡ್ಯಾಂ, ಅಂದರೆ ಹಳೇ ಮಡೆನೂರು ಡ್ಯಾಂ, ಮೇಲೆ ಕಾಣುತ್ತದೆ ಅಂತಾರೆ. ಅಮ್ಮಮ್ಮನ ಮನೆ ಹಿತ್ತಿಲಲ್ಲಿ ಒಂದು ಒರಳು ಇತ್ತಂತೆ. ನೆಲದಲ್ಲಿ ಹೂತಿದ್ದ ದೊಡ್ಡ ಒರಳು. ಲಾರಿ ಬಂದ ದಿನ ಅದನ್ನು ಕೀಳಲು ಟೈಮು ಇರಲಿಲ್ಲ. "ಮರ ಕೊಳೀತದೆ, ಕಲ್ಲು ಕೊಳೀತದಾ?" ಅಂತ ಪ್ರತಿ ಬೇಸಿಗೆಗೂ ಕೇಳುತ್ತಾರೆ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಸಾಧ್ಯವಾ? ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತಾರೆ.

ಉತ್ತರ 1: ಕಾರ್ಗಲ್ ಆಪರೇಟರ್ (ನಿವೃತ್ತ)

ತಂಗಿ, ನಾನು ಶರಾವತಿ ಪವರ್ ಹೌಸಿನಲ್ಲಿ 31 ವರ್ಷ ಇದ್ದವನು. ನಿವೃತ್ತಿಯಾದ ಮೇಲೂ ಕಾರ್ಗಲ್ ಬಿಟ್ಟಿಲ್ಲ. ನಿನ್ನ ಅಮ್ಮಮ್ಮನಿಗೆ ಇವತ್ತೇ ಫೋನ್ ಮಾಡಿ ಇಷ್ಟು ಹೇಳು: ಬೇಕು. ಮೊದಲಿಗಿಂತ ಜಾಸ್ತಿನೇ ಬೇಕು. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಮೊದಲ ಮಾತು "ಇವತ್ತು ಡ್ಯಾಂ ಎಷ್ಟು ಅಡಿ?" ಅಂತ. 1819 ಅಡಿಗೆ ಬಂದರೆ ಭರ್ತಿ. ಅದು ಸಮುದ್ರ ಮಟ್ಟದಿಂದ ಲೆಕ್ಕ, ಗೋಡೆಯ ಎತ್ತರ ಅಲ್ಲ. ಭರ್ತಿಯಾದರೆ ಸುಮಾರು 151 ಟಿಎಂಸಿ ನೀರು. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಕೆಆರ್‌ಎಸ್ ತುಂಬಿದರೆ 49 ಟಿಎಂಸಿ. ಲಿಂಗನಮಕ್ಕಿಯಲ್ಲಿ ಅದರ ಮೂರು ಪಟ್ಟು. ಅಷ್ಟು ನೀರನ್ನು ಕಟ್ಟಿದ್ದು ಗದ್ದೆಗಲ್ಲ, ಕರೆಂಟಿಗೆ.

ಆ ನೀರು ಒಂದು ಸಲ ಕೆಲಸ ಮಾಡಿ ಹೋಗುವುದಿಲ್ಲ. ಡ್ಯಾಂನ ಬುಡದಲ್ಲೇ 55 ಮೆಗಾವಾಟಿನ ಸಣ್ಣ ಪವರ್ ಹೌಸ್ ಇದೆ, ಮೊದಲು ಅಲ್ಲಿ. ಅಲ್ಲಿಂದ ಕಾಲುವೆಯಲ್ಲಿ ತಲಕಳಲೆ ಡ್ಯಾಂಗೆ. ತಲಕಳಲೆಯಿಂದ ಘಟ್ಟದ ಕೆಳಗೆ ಸುಮಾರು 1400 ಅಡಿ ಇಳಿದು ನಮ್ಮ ಶರಾವತಿ ಪವರ್ ಹೌಸಿಗೆ. ಅಲ್ಲಿ 10 ಮಿಷನ್, ಒಟ್ಟು 1035 ಮೆಗಾವಾಟ್. ಅದೇ ನೀರು ಮತ್ತೆ ಗೇರುಸೊಪ್ಪದಲ್ಲಿ 240 ಮೆಗಾವಾಟ್ ಕೊಡುತ್ತದೆ. ಇದಲ್ಲದೆ ಜೋಗದ ಕಣಿವೆಯಲ್ಲಿ ಮಹಾತ್ಮ ಗಾಂಧಿ ಪವರ್ ಹೌಸ್ ಬೇರೆ ಇದೆ, ಅದು 139. ಒಂದೇ ಹೊಳೆಯಿಂದ 1400 ಮೆಗಾವಾಟಿಗೂ ಮೇಲೆ. ಕಲ್ಲಿದ್ದಲು ಇಲ್ಲ, ಹೊಗೆ ಇಲ್ಲ.

ಆದರೆ ಮೆಗಾವಾಟಿನ ಲೆಕ್ಕ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಮುಖ್ಯ ವಿಷಯ ಬೇರೆ ಇದೆ.

ಸಂಜೆ ಆರೂಕಾಲು ಅಂತ ಇಟ್ಟುಕೋ. ಕಂಟ್ರೋಲ್ ರೂಮಿನಲ್ಲಿ ಕೂತಿದ್ದೇನೆ. ಎಷ್ಟು ಕರೆಂಟ್ ಬೇಕು ಅಂತ ನೋಡಿಕೊಳ್ಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್‌ನಿಂದ ಫೋನ್ ಬರುತ್ತದೆ, "ಇನ್ನೊಂದು ಮಿಷನ್ ತಗೊಳ್ಳಿ" ಅಂತ. ಕೆಳಗೆ ಹುಡುಗರು ಕೂಲಿಂಗ್ ವಾಟರ್ ಬಿಡುತ್ತಾರೆ, ಬ್ರೇಕ್ ಸಡಿಲ ಮಾಡುತ್ತಾರೆ, ದೊಡ್ಡ ವಾಲ್ವ್ ತೆರೆಯುತ್ತದೆ. ನಾಜಲ್‌ನಿಂದ ನೀರು ಹೊಡೆಯುತ್ತಿದ್ದ ಹಾಗೆ ಚಕ್ರ ತಿರುಗಲು ಶುರು. ಮೊದಲು ಕಾಲಡಿಯ ನೆಲಕ್ಕೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಸ್ಪೀಡು ಏರಿದ ಮೇಲೆ ಸಿಂಕ್ರೋಸ್ಕೋಪ್ ನೋಡಬೇಕು. ಅದು ಗೋಡೆ ಗಡಿಯಾರದ ಥರ ಒಂದು ಮೀಟರು, ಒಂದೇ ಮುಳ್ಳು. ನಮ್ಮ ಮಿಷನ್ನಿನ ಲಯ, ಗ್ರಿಡ್ಡಿನ (ಅಂದರೆ ಎಲ್ಲಾ ಕಡೆಯ ಕರೆಂಟ್ ಸೇರುವ ಜಾಲದ) ಲಯ ಒಂದಾಗುತ್ತಾ ಬಂದ ಹಾಗೆ ಮುಳ್ಳು ನಿಧಾನ ಆಗುತ್ತದೆ. ಅದು ಮೆಲ್ಲಗೆ ಹನ್ನೆರಡರ ಹತ್ತಿರ ಬರುವಾಗ ಉಸಿರು ಬಿಗಿ ಹಿಡಿದು, ಮಿಷನ್ನನ್ನು ಗ್ರಿಡ್ಡಿಗೆ ಜೋಡಿಸುವ ಬ್ರೇಕರ್ ಹಾಕಬೇಕು. ಸರಿಯಾಗಿ ಬಿದ್ದರೆ ಸದ್ದೇ ಇಲ್ಲ. ತಪ್ಪಿದರೆ ಇಡೀ ಮಿಷನ್ ಒದರುತ್ತದೆ. ಮೊದಲ ಸಲ ಹಾಕಿದಾಗ ನನ್ನ ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಮಾತಾಡದೆ ತಮ್ಮ ಹೆಗಲ ಮೇಲಿನ ಟವೆಲ್ ಕೊಟ್ಟರು.

ಇದೆಲ್ಲ ಆಗುವುದು ಕೆಲವೇ ನಿಮಿಷದಲ್ಲಿ. ಕಲ್ಲಿದ್ದಲಿನ ಘಟಕ ತಣ್ಣಗಾಗಿದ್ದರೆ ಬಾಯ್ಲರ್ ಕಾದು ಉಗಿ ಬರಲು ಗಂಟೆಗಟ್ಟಲೆ ಬೇಕು. ಸೋಲಾರ್ ಒಳ್ಳೆಯದೇ, ನಮ್ಮ ಮನೆ ಮೇಲೂ ಇದೆ. ಆದರೆ ಅದು ಮಧ್ಯಾಹ್ನ ಜೋರಾಗಿ ಬಂದು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಎಲ್ಲರ ಮನೆಯಲ್ಲೂ ಲೈಟು, ಟಿವಿ, ಮಿಕ್ಸಿ. ಆಗ ತಕ್ಷಣ ಕೈಗೆ ಸಿಗುವುದು ನೀರು. ಮಧ್ಯಾಹ್ನ ಮಿಷನ್ ನಿಲ್ಲಿಸಿದರೆ ನೀರು ಎಲ್ಲೂ ಹೋಗುವುದಿಲ್ಲ, ಡ್ಯಾಂನಲ್ಲೇ ಸಂಜೆಗೆ ಕಾಯುತ್ತಿರುತ್ತದೆ. ಸೋಲಾರ್ ಜಾಸ್ತಿಯಾದಷ್ಟೂ ಸಂಜೆಯ ಈ ಕೆಲಸ ಜಾಸ್ತಿ ಆಗುತ್ತದೆ. ಇನ್ನೊಂದು, ಇಡೀ ಗ್ರಿಡ್ ಬಿದ್ದು ಎಲ್ಲಾ ಕತ್ತಲಾದರೆ ಹೊರಗಿನ ಕರೆಂಟಿಲ್ಲದೆ ಮೊದಲು ಏಳುವುದು ಜಲವಿದ್ಯುತ್ ಕೇಂದ್ರಗಳೇ. ಕಲ್ಲಿದ್ದಲಿನವರ ಪಂಪು, ಫ್ಯಾನು ತಿರುಗಿಸಲು ಕೂಡ ಅಲ್ಲಿಂದಲೇ ಕರೆಂಟ್ ಕಳಿಸಬೇಕು.

ಹಳೇ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಮ್ಮಮ್ಮನ ಊರಿನ ಕಥೆ ಅದು. ಹಿರೇಭಾಸ್ಕರ ಡ್ಯಾಂ ಕಟ್ಟಿದ್ದು 1948ರಲ್ಲಿ, ಜೋಗದ ಪವರ್ ಹೌಸಿಗೆ ನೀರು ಕೂಡಿಡಲು. ಆ ಪವರ್ ಹೌಸಿಗೆ ಮೊದಲು ಕೃಷ್ಣರಾಜೇಂದ್ರ ಅಂತ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಹೆಸರು ಬಂತು. ಡ್ಯಾಂ ಬದುಕಿದ್ದು 16 ವರ್ಷ ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಎದ್ದಿತು, ಹಿರೇಭಾಸ್ಕರ ಅದರ ಹೊಟ್ಟೆಯೊಳಗೆ ಸೇರಿತು. ಹಾಗಾಗಿ ಆ ಕಡೆಯ ಕೆಲವರು ಎರಡೆರಡು ಸಲ ಎದ್ದು ಹೋದರು. ಮೊದಲ ಡ್ಯಾಂಗೆ ಒಮ್ಮೆ, ಎರಡನೆಯದಕ್ಕೆ ಇನ್ನೊಮ್ಮೆ. ಆಮೇಲೆ 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಘಟಕ ಶುರುವಾಗುವವರೆಗೆ ಈ ರಾಜ್ಯ ಹೆಚ್ಚುಕಡಿಮೆ ನೀರಿನ ಕರೆಂಟಿನ ಮೇಲೇ ನಡೆಯಿತು. ಅದರಲ್ಲಿ ದೊಡ್ಡ ಪಾಲು ಶರಾವತಿಯದು. ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಬೆಂಗಳೂರಿನ ಕಾರ್ಖಾನೆಗೆ ಪವರ್ ಕಟ್. ಆ ಕಾಲದ ಬೆಂಗಳೂರು ಬೆಳೆದದ್ದು ಈ ನೀರಿನಿಂದ ಅಂದರೆ ಅದು ಸುಮ್ನೆ ಹೊಗಳಿಕೆ ಅಲ್ಲ.

ಈಗ ವಯಸ್ಸಿನ ವಿಷಯ. ಡ್ಯಾಂ ಬೇರೆ, ಮಿಷನ್ ಬೇರೆ. ಮಿಷನ್ ಸವೆಯುತ್ತದೆ, ಬದಲಾಯಿಸಬಹುದು. ಶರಾವತಿಯ ಒಂದೊಂದು ಮಿಷನ್ ಮೊದಲು 89.1 ಮೆಗಾವಾಟಿನದು, ಸುಧಾರಿಸಿ 103.5 ಮಾಡಿದರು. ಜೋಗದ್ದು 120 ಇದ್ದದ್ದು 139.2 ಆಯಿತು. ಡ್ಯಾಂನ ಗೋಡೆಗೆ ಹಾಗೆ ಬಿಡಿಭಾಗ ಸಿಗುವುದಿಲ್ಲ, ನೋಡಿಕೊಳ್ಳಬೇಕು. ನೀರು ಎಲ್ಲಾ ಡ್ಯಾಂನಲ್ಲೂ ಜಿನುಗುತ್ತದೆ. ಜಿನುಗುವುದೇ ಅಪಾಯ ಅಲ್ಲ. ನಿನ್ನೆಗಿಂತ ಇವತ್ತು ಜಾಸ್ತಿಯಾಯಿತಾ, ತಿಳಿ ನೀರು ಬರುತ್ತಿದ್ದ ಕಡೆ ಕೆಂಪು ಬಂತಾ, ಅದು ಮುಖ್ಯ. ಅದಕ್ಕೇ ದಿನಾ ಅಳೆದು ಬರೆದಿಡುವವನು ಬೇಕು. ಅದು ಬೇಜಾರಿನ ಕೆಲಸ, ಆದರೆ ಕೆಳಗಿನ ಊರುಗಳ ಜೀವ ಆ ಪುಸ್ತಕದಲ್ಲಿದೆ.

ತುಂಗಭದ್ರೆಯ ಗೇಟು ಚೈನಿನಲ್ಲಿ ನೇತಾಡುವ ನೇರ ಗೇಟು. ಲಿಂಗನಮಕ್ಕಿಯ 11 ಗೇಟುಗಳು ರೇಡಿಯಲ್. ಬಿಲ್ಲಿನ ಹಾಗೆ ಬಾಗಿದ ತಗಡು, ಹಿಂದೆ ಎರಡು ತೋಳು, ತೋಳಿನ ತುದಿಗೆ ಪಿನ್ನು. ಹಾಗಾಗಿ ಅಲ್ಲಿ ಆದದ್ದು ಅದೇ ರೀತಿ ಇಲ್ಲಿ ಆಗುವುದಿಲ್ಲ. ಹಾಗಂತ ಮರೆತು ಕೂರುವ ಹಾಗಿಲ್ಲ. ಯಾವ ಗೇಟಿಗೇ ಆಗಲಿ ತುಕ್ಕು, ಪಿನ್ನಿನ ಗ್ರೀಸು, ರಬ್ಬರ್ ಸೀಲು ನೋಡುತ್ತಲೇ ಇರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ ಮಳೆಗಾಲದ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಪರೀಕ್ಷೆ ಕಡ್ಡಾಯ. ಹೂಳಿನ ವಿಷಯಕ್ಕೆ ಬಂದರೆ, ತುಂಗಭದ್ರೆ 133 ಟಿಎಂಸಿ ಇದ್ದದ್ದು 105ಕ್ಕೆ ಇಳಿದಿದೆ. ನಮ್ಮ ಹೊಳೆಯ ಮೇಲ್ಭಾಗ ಕಾಡು. ಬೇರು ಮಣ್ಣು ಹಿಡಿದಿಡುತ್ತದೆ. ಡ್ಯಾಂನ ಆಯಸ್ಸು ಹೆಚ್ಚಬೇಕಾದರೆ ಸಿಮೆಂಟಿನಷ್ಟೇ ಕಾಡೂ ಬೇಕು.

ಹಿರೇಭಾಸ್ಕರ ನೋಡುವ ವಿಷಯ ಆಮೇಲೆ ಬರೆಯುತ್ತೇನೆ.

ಉತ್ತರ 2: ಹೊಳೆಯಾಚೆಯವ, ತುಮರಿ ಕಡೆ

ಆಪರೇಟರ್ ಸರ್ ಬರೆದದ್ದು ಪೂರ್ತಿ ಓದಿದೆ. ಒಂದೊಂದೂ ನಿಜ. ಆದರೆ ಹೊಳೆಯ ಈಚೆ ದಡದ ಮಾತೂ ಇಲ್ಲಿ ಇರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಡ್ಯಾಂ ಆದ ಮೇಲೆ ನಮ್ಮ ಕರೂರು ಹೋಬಳಿ ದ್ವೀಪದ ಹಾಗೆ ಆಯಿತು. ಸಾಗರಕ್ಕೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು, ಇಲ್ಲದಿದ್ದರೆ ಕೋಗಾರು, ಕಾರ್ಗಲ್ ಸುತ್ತಿ ಬರಬೇಕಿತ್ತು. ಸಂಜೆಯ ಕೊನೇ ಲಾಂಚ್ ಹೋಯಿತು ಅಂದರೆ ಬೆಳಗಾಗುವವರೆಗೆ ಆ ದಾರಿ ಇರಲಿಲ್ಲ. ನನ್ನ ಅಕ್ಕನಿಗೆ ಹೆರಿಗೆ ನೋವು ಬಂದದ್ದು ರಾತ್ರಿ ಒಂಬತ್ತಕ್ಕೆ. ಜೀಪಿನಲ್ಲಿ ಸುತ್ತು ದಾರಿಯಲ್ಲಿ ಕರೆದುಕೊಂಡು ಹೊರಟೆವು. ಮಗು ಹುಟ್ಟಿದ್ದು ದಾರಿಯಲ್ಲೇ, ಜೀಪಿನ ಹಿಂದಿನ ಸೀಟಿನಲ್ಲಿ, ಅಮ್ಮನ ಸೀರೆಯ ಮೇಲೆ. ಇಬ್ಬರೂ ಉಳಿದರು. ಆ ಹುಡುಗ ಈಗ ಪಿಯುಸಿ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈಯಲ್ಲಿ ಸೇತುವೆ ಆಯಿತು. ಸಿಗಂದೂರಿಗೆ ಬರುವ ಭಕ್ತರಿಗೆ ಅದು ಅನುಕೂಲ. ನಮಗೆ ಅದು 60 ವರ್ಷದ ಮೇಲೆ ಸಿಕ್ಕ ರಸ್ತೆ. ಮೊದಲ ದಿನ ಅಪ್ಪ ಸೇತುವೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೇ ಬಂದರು, ಗಾಡಿ ಹತ್ತಲಿಲ್ಲ.

ಕರೆಂಟಿನ ಮಾತು. ಹಿನ್ನೀರಿನ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಕರೆಂಟ್ ಬಂದದ್ದು ಬೆಂಗಳೂರು ಝಗಮಗಿಸಿ ಎಷ್ಟೋ ವರ್ಷದ ಮೇಲೆ. ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಚಿಮಣಿ ದೀಪದಲ್ಲಿ.

ಎಲ್ಲಕ್ಕಿಂತ ದೊಡ್ಡದು ಜಾಗದ್ದು. ಮುಳುಗಡೆಯಾದವರನ್ನು ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಅವರು ಅಲ್ಲೇ ಮನೆ ಕಟ್ಟಿದರು, ತೋಟ ಮಾಡಿದರು. ದಾಖಲೆಯಲ್ಲಿ ಮಾತ್ರ ಆ ಜಾಗ ಇನ್ನೂ ಅರಣ್ಯ. ನಮ್ಮ ದೊಡ್ಡಪ್ಪ ಒಂದು ಕಚೇರಿಗೆ ಹಕ್ಕುಪತ್ರಕ್ಕೆ ಅಂತ ಅಲೆದರು. ಪ್ರತಿ ಸಲ ಹೊಸ ಸಾಹೇಬರು, ಹೊಸ ಅರ್ಜಿ. ಅವರ ಹತ್ತಿರ ಒಂದು ಹಳೇ ಬಿಸ್ಕೆಟ್ ಡಬ್ಬಿ ಇತ್ತು. ಅದರ ತುಂಬ ಸ್ವೀಕೃತಿ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿಟ್ಟದ್ದು. ಅವರು ತೀರಿಕೊಂಡರು. ಡಬ್ಬಿ ಈಗ ನನ್ನ ಹತ್ತಿರ ಇದೆ. ಪಹಣಿ ಇಲ್ಲದ ತೋಟಕ್ಕೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ.

ತಂಗಿ, ನಿಮ್ಮ ಅಮ್ಮಮ್ಮನಿಗೆ ಡ್ಯಾಂ ಬೇಕು ಅಂತ ಹೇಳುವಾಗ ಇದನ್ನೂ ಸೇರಿಸಿ ಹೇಳಿ. ಡ್ಯಾಂ ಬೇಡ ಅಂತ ನಾನೂ ಹೇಳುವುದಿಲ್ಲ. ಕೊಟ್ಟದ್ದಕ್ಕೆ ಬೆಲೆ ಇದೆ. ಆ ಬೆಲೆ ಇನ್ನೂ ಕೈಗೆ ಬಂದಿಲ್ಲ.

ಈಗ ತಲಕಳಲೆ, ಗೇರುಸೊಪ್ಪದ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತ ಬಂದಿದೆ, ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವುದು. ಸಿಂಗಳೀಕಗಳ ಅಭಯಾರಣ್ಯದಲ್ಲಿ. ನಮ್ಮ ಕಡತ ಮುಗಿಸದೆ ಮತ್ತೆ ಇದೇ ಕಣಿವೆಯನ್ನು ಅಗೆಯುವುದು ನನಗೆ ಸರಿ ಕಾಣುವುದಿಲ್ಲ.

ಉತ್ತರ 3: ಹೊನ್ನಾವರದ ಮೇಷ್ಟ್ರು

ಹೊಳೆಯ ಕೊನೆಯಿಂದ ಬರೆಯುತ್ತಿದ್ದೇನೆ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ ನಮ್ಮ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ.

ಡ್ಯಾಂನಿಂದ ನಮಗಾದ ಬದಲಾವಣೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮೊದಲು ಬೇಸಿಗೆಯಲ್ಲಿ ಹೊಳೆಯ ನೀರು ಸಣ್ಣಗಾಗಿ, ಸಮುದ್ರದ ಉಪ್ಪು ನೀರು ಭರತದ ಜೊತೆ ದೂರದವರೆಗೆ ಮೇಲೆ ಬರುತ್ತಿತ್ತು. ಉಪ್ಪು ಇದ್ದಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು. ನಮ್ಮ ಅಜ್ಜಿ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು, ಕಾಲ್ಬೆರಳಿನಿಂದ ಮರಳು ಕೆದಕಿ ಬಳಚು ಹುಡುಕುತ್ತಿದ್ದರು. ಕಾಲಿಗೆ ತಾಗಿದ್ದು ಕಲ್ಲೋ ಬಳಚೋ ಅಂತ ನೋಡದೇ ಹೇಳುತ್ತಿದ್ದರು. ಈಗ ಪವರ್ ಹೌಸಿನಿಂದ ವರ್ಷವಿಡೀ ಸಿಹಿ ನೀರು ಬರುತ್ತದೆ. ಉಪ್ಪು ಮೇಲೆ ಬರಲು ಬಿಡುವುದಿಲ್ಲ. ಬಳಚು ಕಡಿಮೆಯಾಯಿತು, ಕೆಲವು ಜಾತಿಯ ಮೀನೂ ಕಡಿಮೆಯಾಯಿತು. ಪಕ್ಕದ ಅಘನಾಶಿನಿಗೆ ಡ್ಯಾಂ ಇಲ್ಲ. ಅಲ್ಲಿ ಈಗಲೂ ಬಳಚು ತೆಗೆದು ಬದುಕುವ ಕುಟುಂಬಗಳು ಎಷ್ಟೋ ಇವೆ, ಉಪ್ಪಿಗೆ ಜಗ್ಗದ ಕಗ್ಗ ಭತ್ತವೂ ಇದೆ. ಎರಡು ಹೊಳೆ ಹತ್ತಿರ ಹತ್ತಿರ ಇರುವುದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಲಾಭವೂ ಆಗಿದೆ, ಅದನ್ನೂ ಹೇಳಬೇಕು. ಏಪ್ರಿಲ್ ತಿಂಗಳಲ್ಲಿ ಗೇರುಸೊಪ್ಪದಿಂದ ಕೆಳಗೆ ಹೊಳೆ ಬತ್ತುವುದಿಲ್ಲ. ದಡದ ತೋಟಗಳು ಹಸಿರಾಗಿವೆ. ಆದರೆ ಹೊಳೆಯಲ್ಲಿ ಬಳಚು ತೆಗೆದವರು ಬೇರೆ, ತೋಟ ಇರುವವರು ಬೇರೆ.

ಮಳೆಗಾಲದಲ್ಲಿ ಮೇಲಿನ ಗೇಟು ಎತ್ತುತ್ತಾರೆ ಅಂತ ಸುದ್ದಿ ಬಂದರೆ ದಡದವರು ರಾತ್ರಿ ನಿದ್ದೆ ಮಾಡುವುದಿಲ್ಲ. ದೋಣಿ ಎಳೆದು ತೆಂಗಿನ ಮರಕ್ಕೆ ಬಿಗಿಯುತ್ತಾರೆ, ದನ ಬಿಚ್ಚುತ್ತಾರೆ. ಆಪರೇಟರ್ ಸಾಹೇಬರು ಹೇಳಿದ ಆ ಅಳತೆ ಪುಸ್ತಕದ ಬೆಲೆ ನಮಗೆ ಚೆನ್ನಾಗಿ ಗೊತ್ತು.

ಮಡೆನೂರು ಮೊಮ್ಮಗಳು

ಮೂವರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಮ್ಮಮ್ಮನಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಸಂಜೆ ಮಿಷನ್ ಹಾಕುವ ಜಾಗದಲ್ಲಿ "ಮತ್ತೊಂದ್ಸಲ ಓದು" ಅಂದರು. ತುಮರಿ ಅಣ್ಣನ ಬಿಸ್ಕೆಟ್ ಡಬ್ಬಿಯ ವಿಷಯ ಬಂದಾಗ ಸುಮಾರು ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯಲ್ಲೂ ಅಂಥದ್ದೇ ಚೀಟಿಗಳು ಇವೆಯಂತೆ, ದೇವರ ಪೆಟ್ಟಿಗೆಯಲ್ಲಿ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮುಂದಿನ ಸಲ ಹೋದಾಗ ಎಲ್ಲ ತೆಗೆದು ವರ್ಷದ ಪ್ರಕಾರ ಜೋಡಿಸುತ್ತೇನೆ. ಅಣ್ಣ, ಆಮೇಲೆ ನಿಮ್ಮನ್ನು ಕೇಳಬಹುದಾ, ಮುಂದೆ ಏನು ಮಾಡಬೇಕು ಅಂತ?

ಬಳಚು ಅಂದರೆ ಏನು ಅಂತಲೂ ಕೇಳಿದರು. ವಿವರಿಸಿದೆ. "ಪಾಪ, ಅವರದ್ದೂ ಹೋಯ್ತಾ" ಅಂದರು.

ಹೊಳೆಯಾಚೆಯವ, ತುಮರಿ ಕಡೆ

ಖಂಡಿತ ಕೇಳಿ. ಮೂಲ ಚೀಟಿ ಯಾರಿಗೂ ಕೊಡಬೇಡಿ. ಜೆರಾಕ್ಸ್ ಮಾತ್ರ ಕೊಡಿ. ದೊಡ್ಡಪ್ಪ ಎರಡು ಮೂಲ ಪತ್ರ ಕಳೆದುಕೊಂಡದ್ದು ಹಾಗೇ.

ಕಾರ್ಗಲ್ ಆಪರೇಟರ್ (ನಿವೃತ್ತ)

ತಂಗಿ, ಈಗ ಹಿರೇಭಾಸ್ಕರದ ವಿಷಯ. ಅದು ಪ್ರತಿ ವರ್ಷ ಕಾಣುವುದಿಲ್ಲ. ನೀರು ಚೆನ್ನಾಗಿ ಇಳಿಯಬೇಕು. ಏಪ್ರಿಲ್ ಕೊನೆಯಿಂದ ಮುಂಗಾರು ಶುರುವಾಗುವ ತನಕ ಒಳ್ಳೇ ಸಮಯ. ಹೊರಡುವ ಮೊದಲು ನನಗೆ ಇಲ್ಲಿ ಒಂದು ಮಾತು ಬರೆ, ನೀರಿನ ಮಟ್ಟ ನೋಡಿ ಹೇಳುತ್ತೇನೆ. ಆ ಕಡೆ ಹೋಗಲು ಅನುಮತಿ ಬೇಕಾ ಅಂತಲೂ ಮೊದಲೇ ವಿಚಾರಿಸೋಣ. ಸ್ಥಳದವರು ಒಬ್ಬರು ಜೊತೆಗೆ ಇರಲೇಬೇಕು. ಒಣಗಿ ಬಿರುಕು ಬಿಟ್ಟ ಹಾಗೆ ಕಾಣುವ ಕೆಸರು ಕೆಲವು ಕಡೆ ಒಳಗೆ ಹಸಿಯಾಗೇ ಇರುತ್ತದೆ, ಕಾಲಿಟ್ಟರೆ ಹೂತುಹೋಗುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿಬರಬೇಕು.

ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ. ಡ್ಯಾಂನ ಕಲ್ಲು ಇಷ್ಟು ವರ್ಷ ನೀರೊಳಗಿದ್ದರೂ ಗಟ್ಟಿಯಾಗಿದೆ. ನೀರು ಹೊರಬಿಡುವ ಸೈಫನ್‌ಗಳ ದುಂಡನೆ ಬಾಯಿ ಸಾಲಾಗಿ ನಿಂತದ್ದು ಕಾಣುತ್ತದೆ. ಸುತ್ತ ಮರದ ಬೊಡ್ಡೆಗಳು, ಕಪ್ಪಗೆ. ಮನೆಯ ಅಡಿಪಾಯ, ಬಾವಿಕಟ್ಟೆಯ ಗುರುತು ಅಲ್ಲಲ್ಲಿ ಸಿಗುತ್ತವೆ. ಅಮ್ಮಮ್ಮನ ಮನೆಯ ಜಾಗ ನೀರಿನಿಂದ ಮೇಲೆ ಬಂದಿರುತ್ತದೋ ಇಲ್ಲವೋ, ಹೋಗಿಯೇ ನೋಡಬೇಕು. ಮನೆ ಯಾವ ದಿಕ್ಕಿಗಿತ್ತು, ಹತ್ತಿರ ದೇವಸ್ಥಾನ ಇತ್ತಾ, ಹಳ್ಳ ಇತ್ತಾ, ಡ್ಯಾಂ ಎಷ್ಟು ದೂರ ಕಾಣುತ್ತಿತ್ತು ಅಂತ ಕೇಳಿ ಬರೆದಿಡು. ಅವರಿಗೆ ಕೂರಲು ಒಂದು ಮಡಚುವ ಕುರ್ಚಿ ತಾ. ಕೊನೆಯ ಒಂದಷ್ಟು ದೂರ ನನ್ನ ಮಗ ಮತ್ತೆ ಅವನ ಸ್ನೇಹಿತರು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ, ಮಾತಾಡಿದ್ದೇನೆ.

ಮಡೆನೂರು ಮೊಮ್ಮಗಳು

ಈಗಷ್ಟೇ ಕೇಳಿದೆ ಸರ್. ಮನೆ ಪೂರ್ವಕ್ಕೆ, ಎದುರಿಗೆ ಹಳ್ಳ, ಹಳ್ಳದಾಚೆ ಭೂತನ ಕಟ್ಟೆ. ಹಿತ್ತಿಲ ಬಾಗಿಲಿನಿಂದ ಒರಳಿಗೆ ಒಂಬತ್ತು ಹೆಜ್ಜೆಯಂತೆ. "ಆಗಿನ ಹೆಜ್ಜೆ, ಈಗಿಂದಲ್ಲ" ಅಂದರು. ಮೇ ಎರಡನೇ ವಾರಕ್ಕೆ ರಜೆ ಹಾಕಿದ್ದೇನೆ.